ಮಹಬೂಬ್ ಬೀ ಎರಡನೇ ಸಲ ಬಿಚ್ಚಿದ ಕ್ಲಚ್

ಹರಪನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೆಕ್ಕೆಜೋಳದ ಲಾರಿಗಳು ಮಂಡಿಯ ಕಡೆಗೆ ಸಾಲುಗಟ್ಟಿವೆ. ಚಹಾದಂಗಡಿಯ ಸ್ಟೌ ಈಗಷ್ಟೇ ಭುಸುಗುಡುತ್ತಿದೆ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಒಂದು ಹಳದಿ ಕಾರು ಮರದ ದಿಮ್ಮಿಗಳ ಮೇಲೆ ಏರಿ ಕೂತಿದೆ. ಎರಡೇ ಬಾಗಿಲು, ಎರಡೇ ಸೀಟು, ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುವ ಮೈ. ಅದರ ಹೊಟ್ಟೆಯಡಿ ಗೋಣಿತಾಟು ಹಾಸಿಕೊಂಡು, ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ಸೆರಗನ್ನು ತಲೆಗೆ ಬಿಗಿದು ಅಂಗಾತ ಮಲಗಿರುವವರು ಮಹಬೂಬ್ ಬೀ.

ಶೆಡ್ಡಿಗೊಂದು ಗೋಣಿಯ ಪರದೆ ಇದೆ. ಹೆಂಗಸು ಗಾಡಿಯಡಿ ಮಲಗುವುದನ್ನು ದಾರಿಹೋಕರೆಲ್ಲ ನಿಂತು ನೋಡುತ್ತಾರೆಂದು ಮೊದಲ ವರ್ಷವೇ ಕಟ್ಟಿಸಿದ್ದು. ಇವತ್ತು ಅವರೇ ಅದನ್ನು ಸುರುಳಿ ಸುತ್ತಿ ಮೇಲೆ ಕಟ್ಟಿದ್ದಾರೆ. ಚಹಾದಂಗಡಿಯ ಬೆಂಚಿಗೂ ಬಸ್ಸಿಗೆ ಕಾಯುವವರಿಗೂ ಶೆಡ್ಡು ಈಗ ನೇರ ಕಾಣುತ್ತದೆ.

"ಕಾಣ್ಲಿ ಬಿಡ್ರಿ," ಎನ್ನುತ್ತದೆ ಕಾರಿನಡಿಯ ದನಿ. "ಸುಟ್ಟಿದ್ದನ್ನ ಊರಾಗೆಲ್ಲಾ ಡಂಗುರ ಹೊಡದಾರ. ಬಿಚ್ಚೋದನ್ನೂ ನೋಡ್ಲಿ."

ಸುಟ್ಟಿದ್ದು ಇದೇ ಕಾರಿನ ಕ್ಲಚ್ಚು. ಹಾಕಿದವರು ಇದೇ ಮಹಬೂಬ್ ಬೀ. ಹಾಕಿ ತಿಂಗಳು ತುಂಬುವ ಮೊದಲೇ ಕೊಟ್ಟೂರಿನಿಂದ ಬರುವ ದಾರಿಯಲ್ಲಿ ಹೊಗೆ ಎದ್ದು ನಿಂತಿತು. ಊರಿಗೇ ಒಂದಾದ ಆ ಓಟದ ಕಾರನ್ನು ಕೊನೆಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ, ಹರಾಮಿ ದನವನ್ನು ಎಳೆದಂತೆ, ಬಸ್ ಸ್ಟ್ಯಾಂಡಿನ ನಡುವೆಯೇ ಎಳೆದು ತಂದರು. ನೋಡದೆ ಉಳಿದವರು ಕಡಿಮೆ. ನೋಡದವರು ನೋಡಿದವರಿಗಿಂತ ಚೆನ್ನಾಗಿ ವರ್ಣಿಸುತ್ತಾರೆ.

ಗ್ಯಾರೇಜಿನ ಗಂಡಸರು ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಮಹಬೂಬ್ ಬೀಗೆ ಮೀಸೆಯೇ ಇಲ್ಲ, ಹಾಗಾಗಿ ಮಣ್ಣು ನೇರ ಮುಖಕ್ಕೇ ಬಿತ್ತು. ಇದನ್ನು ಅವರು ಇನ್ನೂ ಚುಟುಕಾಗಿ ಹೇಳುತ್ತಾರೆ: "ಗಂಡಸ್ರು ಹತ್ತು ಕ್ಲಚ್ ಸುಟ್ರೂ ಮೇಸ್ತ್ರಿ. ನಾನು ಒಂದು ಸುಟ್ರ ಹೆಂಗಸು."

ಸಂಜೆಯವರೆಗೆ ಮಾತ್ರ ಸಮಯವಿದೆ. ಕಾರು ಮೆಕ್ಕೆಜೋಳದ ದಲಾಲಿ ಮಂಡಿಯ ಗುರುಸಂಗಪ್ಪನವರ ಮಗ ಅರುಣಕುಮಾರನದು. ಕಾರನ್ನು ಲಾರಿಗೆ ಹೇರಿ ರಿಪೇರಿಗೆ ಬೆಂಗಳೂರಿಗೆ ಕಳಿಸಿಬಿಡಿ ಎಂದು ಅಪ್ಪ ಹೇಳಿಯಾಗಿದೆ. ಸುದ್ದಿ ಕೇಳಿದ ಮಹಬೂಬ್ ಬೀ ನಿನ್ನೆ ಮಂಡಿಗೇ ನಡೆದರು. ಹಮಾಲರು, ದಲಾಲರು, ಜೋಳ ತಂದ ರೈತರು ಎಲ್ಲರೂ ಇದ್ದ ಹೊತ್ತು. ಚೀಲಗಳ ನಡುವೆ ನಿಂತು ಅವರು ಹೇಳಿದ್ದಿಷ್ಟು: "ಸಾವ್ಕಾರ್ರೇ, ನಾನು ಕೆಡಿಸಿದ್ದನ್ನ ನಾನೇ ಬಿಚ್ಚಿ ನೋಡಬೇಕು. ಯಾಕ ಸುಡ್ತು ಅಂತ ತೋರಿಸ್ತೀನಿ, ಕಟ್ಟಿ ಓಡಿಸ್ತೀನಿ. ಆಗ್ಲಿಲ್ಲ ಅಂದ್ರ ನಾನೇ ನಿಂತು ಲಾರಿಗೆ ಹೇರಿಸ್ತೀನಿ."

"ನಾಳೆ ಸಂಜಿಗೆ ಲಾರಿ ಹೊಂಡ್ತತಿ ಬೂಬಮ್ಮ," ಎಂದರು ಗುರುಸಂಗಪ್ಪ, ತೂಕದ ಕಡೆಯಿಂದ ಕಣ್ಣು ತೆಗೆಯದೆ. "ಅಷ್ಟ್ರಾಗ ಏನ್ ಮಾಡ್ತಿಯೋ ಮಾಡು."

ಹೊರಡುವ ಲಾರಿಯನ್ನು ಓಡಿಸುವವರು ಬೇರೆ ಯಾರೂ ಅಲ್ಲ, ಮಹಬೂಬ್ ಬೀ ಅವರ ಯಜಮಾನ ಅಸ್ಲಂ. ಮಂಡಿಯ ಡ್ರೈವರ್ ಕೆಲಸ, ಇಲ್ಲವೆನ್ನುವಂತಿಲ್ಲ. ಬೆಳಗಿನ ಜಾವ ಗೇರ್ ಬಾಕ್ಸ್ ಇಳಿಸಲು ಕೈಕೊಟ್ಟವರೂ ಅವರೇ. ಒಂದು ತುದಿಯನ್ನು ಎದೆಗಾನಿಸಿ ಹಿಡಿದುಕೊಂಡು ನಗುತ್ತಾರೆ: "ಬೆಳಿಗ್ಗೆ ಇಳಿಸಾಕೂ ನಾನೇ, ಸಂಜಿಗೆ ಹೇರಾಕೂ ನಾನೇ. ನನ್ನ ಪಾಡು ನೋಡ್ರಿ." ಹೆಂಡತಿ ನಗುವುದಿಲ್ಲ. ಹೇರುವುದಾದರೆ ಹೋಗುವುದು ಕಾರೊಂದೇ ಅಲ್ಲ ಎಂದು ಅವರಿಗೆ ಗೊತ್ತಿದೆ.

ಏನು ಹೋಗುತ್ತದೆ ಎಂದು ತಿಳಿಯಬೇಕಾದರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋಗಬೇಕು. ಅಲ್ಲಿ ಅವರ ತವರು. ಸವೆದ ಕ್ಲಚ್ ಪ್ಲೇಟುಗಳಿಗೆ ಹೊಸ ಲೈನಿಂಗ್ ಹೊಡೆಯುವುದು ಆ ಮನೆಯ ಕಸುಬು. ಹಳೆ ಪಟ್ಟಿ ಕಿತ್ತು, ಹೊಸದನ್ನು ಕೂರಿಸಿ, ತಾಮ್ರದ ರಿವಿಟ್ ಬಡಿಯಬೇಕು. ರಿವಿಟ್ಟಿನ ತಲೆ ಒಂಚೂರು ಮೇಲೆದ್ದರೂ ಪ್ಲೇಟಿಗೆ ಎದುರಾಗಿ ತಿರುಗುವ ಫ್ಲೈವೀಲನ್ನು ಗೀಚಿ ಹಾಳುಮಾಡುತ್ತದೆ. ಕೆಲಸ ನಾಜೂಕಿನದು, ಹೆಂಗಸರ ಪಾಲಿನದು. ಗಂಡಸರು ಬೀದಿಯಲ್ಲಿ ಗೇರ್ ಬಾಕ್ಸ್ ಇಳಿಸುತ್ತಾರೆ, ಹೆಂಗಸರು ಒಳಗೆ ಕೂತು ರಿವಿಟ್ ಹೊಡೆಯುತ್ತಾರೆ, ಇದು ಕಸುಬಿನ ಕಟ್ಟು. ಗ್ಯಾರೇಜುಗಳಿಂದ ಗೋಣಿಚೀಲದಲ್ಲಿ ಬಂದ ಪ್ಲೇಟುಗಳು ಹಿತ್ತಲ ಬಾಗಿಲಲ್ಲಿ ಒಳಬಂದು ಹಿತ್ತಲ ಬಾಗಿಲಲ್ಲೇ ಹೊರಹೋಗುತ್ತವೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಎಷ್ಟೋ ಮೇಸ್ತ್ರಿಗಳ ಹೆಸರು ನಿಂತಿರುವುದು ಆ ಹಿತ್ತಲಿನ ಕೈಗಳ ಮೇಲೆ. ಆ ಕೈಗಳಿಗೆ ಹೆಸರಿಲ್ಲ.

ಮಹಬೂಬ್ ಬೀ ಚಿಕ್ಕಂದಿನಿಂದಲೂ ಅದೇ ಹಿತ್ತಲಲ್ಲಿ ಕೂತವರು. ತೊಂಬತ್ತರ ದಶಕದ ನಡುವೆ ಒಂದು ಮೊಹರಂ ದಿನ, ಹಲವಾಗಲಿನಿಂದ ಭತ್ತ ಹೇರಿ ಬಂದ ಟೆಂಪೋ ಅವರ ಓಣಿಯ ಬಾಯಲ್ಲಿ ಕ್ಲಚ್ ಹೋಗಿ ನಿಂತುಬಿಟ್ಟಿತು. ಬೆಂಕಿಗುಂಡದ ಸುತ್ತ ಅಲಾಯಿ ಕುಣಿಯುವ ಹೊತ್ತು, ಹಿಂದೂ ಮುಸ್ಲಿಂ ಎನ್ನದೆ ಒಬ್ಬ ಮೇಸ್ತ್ರಿಯೂ ಕೈಗೆ ಸಿಗಲಿಲ್ಲ. ಪೀರಲ ದೇವರು ಮೆರವಣಿಗೆಯಲ್ಲಿ ಬರುವ ದಾರಿಗೆ ಟೆಂಪೋ ಅಡ್ಡ. ಆಗ ಇವರು ಒಳಗಿನಿಂದ ಸ್ಪ್ಯಾನರ್ ತಂದು ಮಲಗಿಯೇಬಿಟ್ಟರು.

"ಪ್ಲೇಟ್ ಸವದಿದ್ದು ನೋಡಿದ್ರ ಗಾಡಿ ಹೆಂಗ ಓಡೇತಿ ಅಂತ ನನಗ ಗೊತ್ತಾಗ್ತಿತ್ತು. ಹೊರಗ ಹೋಗಿ ಬಿಚ್ಚಾಕ ಮಾತ್ರ ಯಾರೂ ಬಿಡ್ತಿದ್ದಿಲ್ಲ," ಎನ್ನುತ್ತಾರೆ. "ಅವತ್ತು ಬಿಡಬೇಕಾತು. ದೇವ್ರು ಬರೋ ಹೊತ್ತಾಗಿತ್ತಲ್ಲ!"

ಆಮೇಲೆ ಹಿತ್ತಲಿಗೆ ಮರಳಲಿಲ್ಲ. ತವರಿನವರು ಮುನಿಸಿಕೊಂಡರು, ಗ್ಯಾರೇಜುಗಳು ಇವರ ಕೈಗೆ ಪ್ಲೇಟು ಕೊಡುವುದನ್ನು ನಿಲ್ಲಿಸಿದವು. ಅಸ್ಲಂ ಮಾತ್ರ ಲಾರಿಯಲ್ಲಿ ಹಳೆ ತಗಡು ತಂದು ಈ ಶೆಡ್ಡು ನಿಲ್ಲಿಸಿಕೊಟ್ಟರು. ಮೊದಲಿಗೆ ಸಿಕ್ಕಿದ್ದು ಯಾರೂ ಮುಟ್ಟದ ಗಾಡಿಗಳೇ: ಮುರುಕು ಟ್ರ್ಯಾಕ್ಟರು, ಬೋರ್‌ವೆಲ್ ಲಾರಿ, ಕಬ್ಬಿಣದಂಗಡಿಗೆ ಹೊರಟಿದ್ದ ಜೀಪು. ಈಗ ಉಜ್ಜಿನಿ, ಕೊಟ್ಟೂರು ಕಡೆಯ ಡ್ರೈವರುಗಳು "ಮಾಬೂಬಕ್ಕನ ಕಡೆ ತೋರ್ಸು" ಎನ್ನುತ್ತಾರೆ. ಇಷ್ಟೆಲ್ಲ ಆದ ಮೇಲೆಯೂ ಒಂದೇ ಒಂದು ಹಳದಿ ಕಾರು ಸೋತು ಹೋದರೆ ಮತ್ತೆ ಹಿತ್ತಲೇ ಗತಿ ಎಂದು ಊರು ಕಾಯುತ್ತಿದೆಯಲ್ಲ, ಸಿಟ್ಟು ಬರುವುದು ಅದಕ್ಕೆ.

ಅರುಣಕುಮಾರ ಈ ಜಪಾನಿನ ಕಾರನ್ನು ಪುಣೆಯಲ್ಲಿ ಯಾರೋ ಓಡಿಸಿ ಬಿಟ್ಟಮೇಲೆ ಕೊಂಡವನು. ಕಾರು ಬಂದಾಗಲೇ ಅದರ ಫ್ಲೈವೀಲು, ಅಂದರೆ ಎಂಜಿನ್ನಿನ ಬೆನ್ನಿಗೆ ಕೂತು ತಿರುಗುವ ಭಾರದ ಚಕ್ರ, ಕಾದು ಕಾದು ನೀಲಿಗಟ್ಟಿ ಬಿರುಕು ಬಿಟ್ಟಿತ್ತು. ಬದಲಿಸದೆ ದಾರಿಯಿಲ್ಲ. ಬದಲಿಗೆ ಎರಡಿದ್ದವು. ಒಂದು, ಕಾರಿನ ಜೊತೆಗೇ ಪೆಟ್ಟಿಗೆಯಲ್ಲಿ ಬಂದ ರೇಸಿನ ಸಾಮಾನು: ಮಗುವನ್ನು ಎತ್ತಿದಂತೆ ಎತ್ತಬಹುದಾದ ಅಲ್ಯೂಮಿನಿಯಂ ಫ್ಲೈವೀಲು, ಅದಕ್ಕೊಪ್ಪುವ ತಾಮ್ರದ ಬಿಲ್ಲೆಗಳ ಕ್ಲಚ್ಚು. ಇನ್ನೊಂದು, ಅದೇ ಜಾತಿಯ ಗುಜರಿ ಕಾರಿನಿಂದ ತರಿಸಿದ ಕಬ್ಬಿಣದ ಚಕ್ರ, ಅದಕ್ಕೆ ಮಾಮೂಲಿ ಲೈನಿಂಗಿನ ಪ್ಲೇಟು. ಹುಡುಗನ ಕಣ್ಣು ಅಲ್ಯೂಮಿನಿಯಮ್ಮಿನ ಮೇಲೆಯೇ ಇತ್ತು. ಯಾರ ಕಣ್ಣಾದರೂ ಇರುತ್ತಿತ್ತು, ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತದೆ.

ಮಹಬೂಬ್ ಬೀ ಎರಡನ್ನೂ ಬದಿಗಿಟ್ಟರು. ಅವರದೊಂದು ಪದ್ಧತಿ ಇದೆ. ಸಾಮಾನು ಆರಿಸುವ ಮೊದಲು, ಗಾಡಿ ಬಿಚ್ಚಿದ್ದರೆ ಬೇರೊಂದರಲ್ಲಾದರೂ ಸರಿ, ಅದರ ಒಡೆಯನ ಪಕ್ಕದಲ್ಲಿ ಕೂತು ಅವನು ದಿನವೂ ಓಡಾಡುವ ದಾರಿಯಲ್ಲಿ ಒಮ್ಮೆ ಹೋಗಿ ಬರುತ್ತಾರೆ. ಕಣ್ಣು ರಸ್ತೆಯ ಮೇಲಿರುವುದಿಲ್ಲ, ಅವನ ಎಡಗಾಲಿನ ಮೇಲಿರುತ್ತದೆ. ಅರುಣಕುಮಾರ ಟ್ರ್ಯಾಕ್ಟರಿನಲ್ಲಿ ಗಾಡಿ ಕಲಿತವನು, ಪೆಡಲಿನ ಮೇಲಿಂದ ಕಾಲು ತೆಗೆಯುವುದೇ ಇಲ್ಲ. ಮಂಡಿಯ ಸಾಲಿನಲ್ಲಿ ಮಾರುದ್ದ ಹೋಗಿ ನಿಲ್ಲಬೇಕು, ಮತ್ತೆ ಮಾರುದ್ದ ಹೋಗಬೇಕು. ಎತ್ತಿನ ಬಂಡಿಯ ಹಿಂದೆ ತೆವಳಬೇಕು. ನೋಡಿ ಬಂದು ಕಬ್ಬಿಣದ ಚಕ್ರವನ್ನೇ ಮುಂದಕ್ಕೆ ಎಳೆದುಕೊಂಡರು.

"ಬೀಸೋ ಕಲ್ಲು ಭಾರ ಇದ್ರ ಒಂದ್ಸಲ ತಿರುಗಿಸಿದ್ದು ಹಂಗೇ ತಿರುಗ್ತತಿ. ಹಗುರಾದ್ರ ಕೈ ಬಿಟ್ಟ ಕೂಡ್ಲೇ ನಿಲ್ತತಿ," ಎಂದು ಅವನಿಗೆ ಬಿಡಿಸಿ ಹೇಳಿದರು. "ಹಗುರ ಚಕ್ರ ಓಟಕ್ಕ ಚಲೋ ತಮ್ಮಾ. ಈ ಸಂತ್ಯಾಗ ಮಾತ್ರ ಹೆಜ್ಜಿಗೊಮ್ಮೆ ಎಂಜಿನ್ ಆಫ್ ಆಗ್ತತಿ. ಆಫ್ ಆಗಬಾರದಂತ ನೀನು ಕ್ಲಚ್ ಅರ್ಧ ಹಿಡಿತಿ, ಆಕ್ಸಿಲೇಟರ್ ತುಳಿತಿ. ಆ ತಾಮ್ರದ್ದು ಹಿಡಿದ್ರ ಹಿಡೀತು, ಬಿಟ್ರ ಬಿಡ್ತು. ನಡುವಿನ ಮಾತು ಅದಕ ಗೊತ್ತಿಲ್ಲ."

ಹುಡುಗ ಒಪ್ಪಿದ, ಒಲ್ಲದ ಮನಸ್ಸಿನಿಂದ. ಕಬ್ಬಿಣದ್ದು ಕೂತಿತು. ತಿಂಗಳೊಳಗೆ ಸುಟ್ಟಿತು.

ಈಗ ಬಿಸಿಲೇರಿದೆ. ಬೆಂಚು ತುಂಬಿದೆ. ಬಸ್ ಸ್ಟ್ಯಾಂಡಿನ ಹಿರಿಯ ಮೇಸ್ತ್ರಿ ಓಬಣ್ಣನವರು ತಮ್ಮ ಗ್ಯಾರೇಜಿನ ಬಾಗಿಲು ತೆಗೆಯುವುದನ್ನೂ ಮರೆತು ಚಹಾ ಹಿಡಿದು ಬಂದು ಕೂತಿದ್ದಾರೆ. ಮಹಬೂಬ್ ಬೀ ಕ್ಲಚ್ಚಿನ ಗೂಡಿನೊಳಗೆ ಕೈ ಹಾಕುತ್ತಾರೆ. ಕೈ ಹೊರಬಂದಾಗ ಮುಷ್ಟಿಯಲ್ಲಿ ಕರಿದಾದ, ಹಗ್ಗದ ಹಾಗೆ ಹೊಸೆದುಕೊಂಡ ಏನೋ ಇದೆ. ಮೂಗಿಗೆ ಹಿಡಿಯುತ್ತಾರೆ.

"ಹುರುಳಿ ಬಳ್ಳಿ," ಎನ್ನುತ್ತಾರೆ.

ಮಾಗಿ ತಿಂಗಳು. ಕೊಟ್ಟೂರು ದಾರಿಯುದ್ದಕ್ಕೂ ರೈತರು ಹುರುಳಿಯನ್ನು ಡಾಂಬರಿನ ಮೇಲೆ ಹರವಿದ್ದಾರೆ. ಬಸ್ಸು ಲಾರಿಗಳು ಹರಿದು ಒಕ್ಕಿಕೊಡುತ್ತವೆ. ಬೈಯುತ್ತಲೇ ಎಲ್ಲರೂ ಹರಿಸುತ್ತಾರೆ, ನಮ್ಮ ಕಡೆಯ ಕಣವೇ ಈಗ ರಸ್ತೆ. ಲಾರಿಯ ಹೊಟ್ಟೆ ಎತ್ತರ, ಬಳ್ಳಿ ತಾಗುವುದಿಲ್ಲ. ಈ ಕಾರು ನೆಲ ಮುಟ್ಟುವ ಹಾಗೆ ಓಡುತ್ತದೆ. ಬಳ್ಳಿ ಒಳಗೆ ಸೇರಿ, ಕ್ಲಚ್ಚನ್ನು ಬಿಡಿಸುವ ಉಕ್ಕಿನ ಬೆರಳುಗಳಿಗೆ ಸುತ್ತಿಕೊಂಡು, ಪ್ಲೇಟು ಪೂರ್ತಿ ಕಚ್ಚದಂತೆ ತಡೆದಿದೆ. ಕಚ್ಚದ ಪ್ಲೇಟು ಜಾರಿದೆ, ಜಾರಿದ್ದು ಸುಟ್ಟಿದೆ.

ಓಬಣ್ಣ ಚಹಾ ಹೀರಿ, ಯಾರಿಗೋ ಎಂಬಂತೆ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎನ್ನುತ್ತಾರೆ. ಬೆಂಚು ನಗುತ್ತದೆ.

ಮಹಬೂಬ್ ಬೀ ಕಾರಿನಡಿಯಿಂದ ಪೂರ್ತಿ ಹೊರಗೆ ಬರುತ್ತಾರೆ. ಬಳ್ಳಿಯನ್ನು ಎಲ್ಲರಿಗೂ ಕಾಣುವ ಹಾಗೆ ಬಾನೆಟ್ಟಿನ ಮೇಲಿಡುತ್ತಾರೆ.

"ನೆಲ ಡೊಂಕಿಲ್ಲ ಓಬಣ್ಣ. ಕೆಳಗ ಒಂದು ತಗಡು ಇರಬೇಕಿತ್ತು. ಗೂಡಿನ ಬಾಯಿ ಮುಚ್ಚೋ ತಗಡು. ಗಾಡಿ ಬಂದಾಗಲೇ ಇದ್ದಿಲ್ಲ. ನಾನು ನೋಡೀನಿ, ಹಾಕಿಲ್ಲ. ಯಾಕಂದ್ರ ನಮ್ಮ ಊರಾಗ ಲಾರಿ, ಜೀಪು, ಟ್ರ್ಯಾಕ್ಟರು ಯಾವುದರ ತಗಡನ್ನ ನಾವು ವಾಪಸ್ ಹಾಕೀವಿ? ಧೂಳು ಉದುರಲಿ ಅಂತ ಕಿತ್ತು ಒಗಿತೀವಿ. ನೀನೂ ಒಗಿತಿ, ನಾನೂ ಒಗಿತೀನಿ. ತಪ್ಪು ನಂದು. ಫ್ಲೈವೀಲಿಂದಲ್ಲ, ಪ್ಲೇಟಿಂದಲ್ಲ. ಹೆಂಗಸಿನ ಕೈದೂ ಅಲ್ಲ."

ಬೆಂಚಿನ ನಗು ಅರ್ಧಕ್ಕೇ ನಿಲ್ಲುತ್ತದೆ. ಓಬಣ್ಣನವರ ಗ್ಯಾರೇಜಿನ ಹಿಂದೆ ಅಂಥ ತಗಡುಗಳ ಗುಡ್ಡೆಯೇ ಇದೆ ಎಂಬುದು ಅಲ್ಲಿ ಕೂತ ಎಲ್ಲ ಡ್ರೈವರುಗಳಿಗೂ ಗೊತ್ತು.

ಅಷ್ಟರಲ್ಲಿ ಅರುಣಕುಮಾರ ಅವರನ್ನು ಪಕ್ಕಕ್ಕೆ ಕರೆಯುತ್ತಾನೆ. ಅವನದೂ ಪಾಪ ಒಳ್ಳೆಯ ಉದ್ದೇಶವೇ. "ಅಕ್ಕಾ, ಬಳ್ಳಿ ವಿಷ್ಯ ಬಿಟ್ಟುಬಿಡು. ಆ ಅಲ್ಯೂಮಿನಿಯಂ ಹಾಕಿ, ತಗಡೂ ಹಾಕು. ಕಬ್ಬಿಣದ್ದು ಸರಿ ಇದ್ದಿಲ್ಲ ಅಂತ ಹೇಳಾಣ. ಅಪ್ಪಾಜಿ ಸುಮ್ನಾಗ್ತಾರ, ನಿನ್ನ ಹೆಸರೂ ಉಳೀತತಿ, ನಂಗೂ ಬೇಕಾಗಿದ್ದು ಸಿಕ್ಕಂಗಾತು."

ಯೋಚಿಸಿದರೆ ಬಲು ಸುಲಭದ ದಾರಿ. ಮೂವರಿಗೂ ಲಾಭ, ನಷ್ಟ ಕಬ್ಬಿಣದ ಚಕ್ರವೊಂದಕ್ಕೆ, ಅದಕ್ಕೆ ಬಾಯಿಲ್ಲ. ಮಹಬೂಬ್ ಬೀ ಸ್ವಲ್ಪ ಹೊತ್ತು ಪೆಟ್ಟಿಗೆಯಲ್ಲಿ ಹೊಳೆಯುವ ಆ ಚಕ್ರವನ್ನೇ ನೋಡುತ್ತಾರೆ. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ.

"ನಾನು ಆರಿಸಿದ್ದು ಸರಿ ಐತಿ. ಸರಿ ಇದ್ದಿದ್ದನ್ನ ತಪ್ಪು ಅಂತ ಹೇಳಿ ನಾನು ಉಳಕೊಳ್ಳೂದು ಬ್ಯಾಡ ತಮ್ಮಾ. ಈ ಕೈ ತಪ್ಪು ಮಾಡಿದ್ದು ಎಲ್ಲಿ ಅಂತ ಹೇಳೀನಿ. ಸರಿ ಮಾಡಿದ್ದು ಎಲ್ಲಿ ಅನ್ನೋದನ್ನೂ ನಾನೇ ಹೇಳಬೇಕು."

ಇಷ್ಟು ಹೇಳಿದ ಮೇಲೆ ಉಳಿದ ಪರೀಕ್ಷೆ ಒಂದೇ: ಕಾದ ಕಬ್ಬಿಣ ಒಳಗೊಳಗೆ ಸೀಳಿದೆಯೋ ಇಲ್ಲವೋ. ಸೀಳಿದ್ದರೆ ಅವರ ಮಾತಿಗೆ ಬೆಲೆಯಿಲ್ಲ, ಸಂಜೆಯೊಳಗೆ ಇನ್ನೊಂದು ಕಬ್ಬಿಣದ ಚಕ್ರ ಎಲ್ಲೂ ಸಿಗದು. ಫ್ಲೈವೀಲಿಗೆ ಸೀಮೆಎಣ್ಣೆ ಸವರಿ, ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಗೆರೆ ಬರೆಯುತ್ತದೆ. ಅಸ್ಲಂ ಬೀಡಿ ಹಚ್ಚಲು ಹೋಗಿ ಬೈಸಿಕೊಳ್ಳುತ್ತಾರೆ. ಓಬಣ್ಣ ಬೆಂಚು ಬಿಟ್ಟು ಶೆಡ್ಡಿನೊಳಗೇ ಬಂದಿದ್ದಾರೆ, ತಮಾಷೆ ನೋಡಲಿಕ್ಕಲ್ಲ, ಇದೊಂದು ವಿಷಯದಲ್ಲಿ ಅವರೂ ಮೇಸ್ತ್ರಿಯೇ. ಮಹಬೂಬ್ ಬೀ ಮಾತ್ರ ಚಕ್ರದಿಂದ ಕಣ್ಣು ಕೀಳುವುದಿಲ್ಲ. ತುಟಿ ಅಲ್ಲಾಡುತ್ತಿದೆ, ದುವಾ ಇರಬಹುದು.

ಪುಡಿ ಬೆಳ್ಳಗೇ ಉಳಿಯುತ್ತದೆ.

"ಬಿರುಕಿಲ್ಲ," ಎನ್ನುವವರು ಓಬಣ್ಣ. ಹೇಳಿದ ಮೇಲೆ ತಾವೇ ಯಾಕೆ ಹೇಳಿದೆವೋ ಎಂಬಂತೆ ಚಹಾ ಲೋಟ ಹುಡುಕುತ್ತಾರೆ.

ಮುಂದಿನದು ಓಟ. ಕರೆಂಟು ಹೋಗುವ ಮೊದಲು ಲೇತಿಗೆ ಒಯ್ದು ನೀಲಿಗಟ್ಟಿದ ಮೈಯನ್ನು ಸವರಿಸಿ ತರುವುದು, ಸುಟ್ಟ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಯುವುದು. ಹಿತ್ತಲಲ್ಲಿ ಕಲಿತ ಕೆಲಸವನ್ನು ಅವರು ಇವತ್ತು ಶೆಡ್ಡಿನ ಎದುರು, ರಸ್ತೆಗೆ ಮುಖ ಮಾಡಿ ಕೂತು ಮಾಡುತ್ತಾರೆ. ಪ್ರತಿ ರಿವಿಟ್ ಬಡಿದಾಗಲೂ ಹೆಬ್ಬೆರಳು ಸವರಿ ನೋಡುತ್ತಾರೆ. ಕೊನೆಗೆ ಖಾಲಿ ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ಎರಡು ಪದರ ಮಡಚಿ, ಗೂಡಿನ ಬಾಯಿಗೆ ಮುಚ್ಚಳ ಮಾಡಿ ಬಿಗಿಯುತ್ತಾರೆ. ನೋಡಲು ಚೆಂದವೇನಿಲ್ಲ, ಅಡುಗೆ ಎಣ್ಣೆಯ ಸೂರ್ಯಕಾಂತಿ ಹೂವು ಅರ್ಧ ಕಾಣುತ್ತದೆ.

ಹೊತ್ತು ಇಳಿಯುವಾಗ ಗುರುಸಂಗಪ್ಪ ಸ್ಕೂಟರಿನಲ್ಲಿ ಬಂದು ನಿಲ್ಲುತ್ತಾರೆ. ಹಿಂದೆಯೇ ಮಂಡಿಯ ಲಾರಿ. ಕಾರು ನೆಲಕ್ಕಿಳಿದಿದೆ. ಅರುಣಕುಮಾರ ಮಂಡಿಯ ಸುತ್ತ ಒಂದು ಸುತ್ತು ಹೊಡೆಯೋಣ ಎನ್ನುತ್ತಾನೆ. ಮಹಬೂಬ್ ಬೀ ಒಪ್ಪುವುದಿಲ್ಲ. "ಎಲ್ಲಿ ಸುಟ್ಟಿತ್ತೋ ಅಲ್ಲಿಗೇ ನಡಿ. ಶೂ ಬಿಚ್ಚು. ಕಾಲು ಪೆಡಲಿನ ಮ್ಯಾಲೆ ಇಟ್ಕಂಡು ಕುಂದ್ರಬ್ಯಾಡ," ಎಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಾರೆ. ಗುರುಸಂಗಪ್ಪನವರ ಸ್ಕೂಟರು, ಅಸ್ಲಂ ಲಾರಿ, ಲಾರಿಯ ತುಂಬ ಬೆಂಚಿನ ಜನ, ಎಲ್ಲರೂ ಬೆನ್ನು ಹತ್ತುತ್ತಾರೆ.

ಊರು ದಾಟಿದರೆ ಪಕ್ಕೀರಮ್ಮನೆಂಬ ರೈತ ಮಹಿಳೆಯ ಹುರುಳಿ ರಸ್ತೆಯಗಲಕ್ಕೂ ಹರಡಿದೆ. ಇಂಥ ಕಾರು ಕಂಡರೆ ಜನ ಬದಿಗೆ ಸರಿಯುತ್ತಾರೆ. ಆಕೆ ಸರಿಯುವುದಿಲ್ಲ, ಕೈಬೀಸಿ ಕರೆಯುತ್ತಾಳೆ: "ಬರ್ರಿ ಬರ್ರಿ, ಹರಸ್ರಿ! ಆ ಕಡಿ ಇನ್ನಾ ಒಕ್ಕಿಲ್ಲ, ಆ ಕಡಿಗೂ ಹೋಗ್ರಿ!"

ಹಳದಿ ಕಾರು ಹುರುಳಿಯೊಳಗೆ ನುಗ್ಗುತ್ತದೆ. ಹೋಗುತ್ತದೆ, ತಿರುಗುತ್ತದೆ, ಬರುತ್ತದೆ, ನಿಂತು ಹೊರಡುತ್ತದೆ. ಮಂಡಿಯ ಸಾಲಿನ ಹಾಗೆ ತೆವಳುತ್ತದೆ, ಮತ್ತೆ ಜಿಗಿಯುತ್ತದೆ. ಇಷ್ಟು ಬೆಲೆಯ ಗಾಡಿ ಇಷ್ಟು ಪುಕ್ಕಟೆಯಾಗಿ ಯಾರ ಹುರುಳಿಯನ್ನೂ ಒಕ್ಕಿರಲಿಕ್ಕಿಲ್ಲ. ಪಕ್ಕೀರಮ್ಮ ಬಳ್ಳಿ ತಿರುವಿ ಹಾಕುತ್ತಲೇ ಇದ್ದಾಳೆ, ಸಾಕು ಎನ್ನುವ ಪೈಕಿಯಲ್ಲ.

ಕೊನೆಗೆ ಮಹಬೂಬ್ ಬೀ ಇಳಿದು ಹೊಟ್ಟಿನ ಮೇಲೆಯೇ ಮಲಗಿ ಕಾರಿನಡಿ ತೂರುತ್ತಾರೆ. ತಗಡು ಬಿಚ್ಚುತ್ತಾರೆ. ಹೊರಮೈಗೆ ಬಳ್ಳಿ ಜೋತುಬಿದ್ದಿದೆ. ಗೂಡಿನೊಳಗೆ ಬೆರಳಾಡಿಸಿ, ಬರಿಗೈಯನ್ನು ಹೊರಗೆ ಚಾಚಿ ತೋರಿಸುತ್ತಾರೆ. ಸುಟ್ಟ ವಾಸನೆ ಇಲ್ಲ. ಗುರುಸಂಗಪ್ಪ ಪಂಚೆ ಎತ್ತಿ ಕಟ್ಟಿ, ಬಗ್ಗಿ, ತಾವೇ ಮೂಸಿ ನೋಡುತ್ತಾರೆ. ಎದ್ದು ಅಸ್ಲಂ ಕಡೆ ತಿರುಗಿ, "ಲಾರಿ ಮಂಡಿಗೆ ಹಚ್ಚು, ಜೋಳ ಹೇರು," ಎನ್ನುತ್ತಾರೆ. ಲಾರಿಯ ಮೇಲಿನ ಜನ ಸಿಳ್ಳೆ ಹಾಕುತ್ತದೆ. ಬೆಳಿಗ್ಗೆ ನಕ್ಕಿದ್ದೂ ಇದೇ ಜನ.

ಆದರೂ ದಲಾಲಿ ಮಾಡಿದ ಜೀವ, ಕರಾರಿಲ್ಲದೆ ಬಿಡುವುದುಂಟೇ? "ಎಲ್ಲಾ ಸರಿ ಬೂಬಮ್ಮ. ಇನ್ನ ಮ್ಯಾಲೆ ಈ ಕ್ಲಚ್ ಹೋಗಂಗಿಲ್ಲ ಅಂತ ಇಷ್ಟು ಜನರ ಮುಂದ ಮಾತು ಕೊಡ್ತಿಯೇನು?"

ಮಹಬೂಬ್ ಬೀ ಖಾಕಿ ಅಂಗಿಗೆ ಅಂಟಿದ ಹೊಟ್ಟು ಕೊಡವುತ್ತಾರೆ. ಇಲ್ಲಿ ಒಂದು ಹೂಂ ಅಂದರೆ ಮುಗಿಯಿತು, ಬೇರೆ ಯಾವ ಮೇಸ್ತ್ರಿಯಾದರೂ ಅಂದುಬಿಡುತ್ತಿದ್ದ.

"ಇಲ್ರಿ ಸಾವ್ಕಾರ್ರೇ, ಕೊಡಂಗಿಲ್ಲ," ಎನ್ನುತ್ತಾರೆ. "ಒಂದಿನ ಹೋಗ್ತತಿ. ಕ್ಲಚ್ ಇರೋದೇ ಸವಿಯಾಕ. ಹೋದಾಗ ಬಿಚ್ಚಾಕ ನನ್ನ ಕರೀರಿ."